ಕುಡಿಮೀಸೆ, ನಾಲ್ಕು ಸೀಸೆ

ಫೆಬ್ರವರಿ 11

ಇವತ್ತೂ ಇವರಪ್ಪ ತಟ್ಟೆಯಲ್ಲಿ ಅರ್ಧಕ್ಕರ್ಧ ಬಿಟ್ಟು ಎದ್ದರು. ಹುರಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಅಡುಗೆಯಲ್ಲಿ ನಾನು ಎತ್ತಿದ ಕೈಯೇನಲ್ಲ. ಆದರೆ ಆಲೂಗಡ್ಡೆ ಹುರಿಯುವುದು ಯಾರಿಗಾದರೂ ಬರುತ್ತದೆ. ಜೀವಮಾನವಿಡೀ ಬೇಕರಿ ನಡೆಸಿದ ಮನುಷ್ಯನಿಗೆ ಸೊಸೆಯ ಕೈಯಡುಗೆ ರುಚಿಸದಿದ್ದರೆ ಬಾಯಿಬಿಟ್ಟು ಹೇಳಬಹುದಲ್ಲ? ಹೇಳುವುದಿಲ್ಲ. ತಮ್ಮ ತಟ್ಟೆ ತಾವೇ ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಇವರು ಇದ್ದಾಗ ಇದೊಂದು ಸಮಸ್ಯೆ ಎಂದೇ ಗೊತ್ತಾಗಿರಲಿಲ್ಲ. ಮೂವರೂ ಒಂದೇ ಮೇಜಿನ ಸುತ್ತ ಕೂತಿರುತ್ತಿದ್ದೆವು. "ಅಪ್ಪನಿಗೆ ಇನ್ನೊಂಚೂರು ಬೇಕಾ ಕೇಳಿ" ಎಂದು ನಾನು. "ಸಾಕು ಅಂತ ಹೇಳಪ್ಪಾ ಅವಳಿಗೆ" ಎಂದು ಅವರು. "ಇಬ್ಬರಿಗೂ ಕಿವಿ ನೆಟ್ಟಗಿದೆ ತಾನೇ?" ಎಂದು ಇವರು ನಗುತ್ತಿದ್ದರು. ಮದುವೆಯಾಗಿ ಒಂಬತ್ತು ವರ್ಷ ಹೀಗೇ ನಡೆಯಿತು. ಅಕ್ಟೋಬರಿನಲ್ಲಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ ಇವರು ಮತ್ತೆ ಏಳಲಿಲ್ಲ. ಆಮೇಲೆ ಈ ಮೇಜಿನ ಮೇಲೆ ತಟ್ಟೆ ಚಮಚಗಳದ್ದೇ ಮಾತು.

ನಾದಿನಿ ಫೋನು ಮಾಡಿದ್ದಳು. ಅವಳೂರಿನ ಮನೆಯ ಮೇಲಿನ ಕೋಣೆ ಜೂನ್ ಹೊತ್ತಿಗೆ ಮುಗಿಯುತ್ತದಂತೆ. "ಅಲ್ಲೀತನಕ ಸುಧಾರಿಸ್ಕೊಳ್ಳಿ ಅತ್ತಿಗೆ. ಆಮೇಲೆ ಅಪ್ಪನ್ನ ನಾನೇ ಕರ್ಕೊಂಡು ಹೋಗ್ತೀನಿ" ಎಂದಳು. ಹಾಗೆ ಮಾಡು ಎಂದು ಅವಳನ್ನು ಕೇಳಿಕೊಂಡಿದ್ದು ನಾನೇ. ಇದರಲ್ಲಿ ತಪ್ಪೇನಿದೆ? ಹೆತ್ತ ಮಗಳ ಮನೆ. ಅವರಿಗೂ ಹಿತ, ನನಗೂ.

ಫೆಬ್ರವರಿ 15

ಸೋಫಾದ ಮೇಲೆ ಮಲಗಿ ಮಲಗಿ ಬೆನ್ನು ಹಿಡಿದುಕೊಂಡಿದೆ. ಒಳಗೆ ನಮ್ಮಿಬ್ಬರ ಮಂಚ ಇದೆ. ಇರಲಿ.

ಲ್ಯಾಬಿನಲ್ಲಿ ಹೊಸ ಪತಂಗಗಳು ಕೋಶ ಒಡೆದು ಬಂದವು. ಹೊರಗಿನಿಂದ ನೋಡಿದರೆ ಅವಕ್ಕೂ ಉಳಿದವಕ್ಕೂ ಏನೂ ವ್ಯತ್ಯಾಸವಿಲ್ಲ. ಬೂದು ರೆಕ್ಕೆ, ತಲೆಯ ಮೇಲೆ ಎಳೆಯಂಥ ಎರಡು ಕುಡಿಮೀಸೆ. ಆದರೆ ಇವುಗಳ ಕುಡಿಮೀಸೆಯೊಳಗೆ ಒಂದೇ ಒಂದು ಪ್ರೋಟೀನು ತಯಾರಾಗದ ಹಾಗೆ ನಾವು ಮಾಡಿದ್ದೇವೆ. ಹೆಣ್ಣು ಪತಂಗ ಗಂಡಿಗಾಗಿ ಗಾಳಿಗೆ ಬಿಡುವ ವಾಸನೆಯನ್ನು ಹಿಡಿದು ಒಳಗೆ ಸಾಗಿಸುವ ಪ್ರೋಟೀನು ಅದು. ಅದಿಲ್ಲದೆ ಗಂಡು ಹೆಣ್ಣನ್ನು ಹುಡುಕಿಕೊಂಡು ಹೋಗಬಲ್ಲದೇ? ಮೂರು ವರ್ಷದಿಂದ ನಾವು ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇಷ್ಟೇ.

ಪತಂಗ ಹಾರಿಸಿ ನೋಡುವ ಗಾಳಿ ಸುರಂಗದ ಉಸ್ತುವಾರಿಯ ಸಹೋದ್ಯೋಗಿಯನ್ನು ನಾವೆಲ್ಲ ಸುರಂಗಣ್ಣ ಎನ್ನುತ್ತೇವೆ. ಅವನು ಒಂದು ಪತಂಗವನ್ನು ದೀಪಕ್ಕೆ ಹಿಡಿದು, "ಪಾಪ, ಇವನಿಗೆ ತಾನೇನು ಕಳ್ಕೊಂಡಿದೀನಿ ಅಂತ್ಲೂ ಗೊತ್ತಿಲ್ಲ" ಎಂದ. ನನಗ್ಯಾಕೋ ಕೋಪ ಬಂತು. ಕೆಲಸ ಮಾಡು ಎಂದೆ.

ಫೆಬ್ರವರಿ 24

ಕಿಟಕಿಗಳೆಲ್ಲ ಇನ್ನೂ ತೆರೆದೇ ಇವೆ. ನಿದ್ದೆ ಬರುತ್ತಿಲ್ಲ, ಬರೆಯುತ್ತೇನೆ.

ಸಂಜೆ ಮೆಟ್ಟಿಲು ಹತ್ತುವಾಗಲೇ ಗ್ಯಾಸಿನ ವಾಸನೆ ಬಂತು. ಯಾರ ಮನೆಯದೋ ಅಂದುಕೊಂಡೆ. ನಮ್ಮ ಬಾಗಿಲು ತೆರೆದರೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಅಡುಗೆಮನೆಯಲ್ಲಿ ಇವರಪ್ಪ ಕನ್ನಡಕ ಹಾಕಿಕೊಂಡು ಪೇಪರು ಓದುತ್ತಾ ಆರಾಮಾಗಿ ಕೂತಿದ್ದಾರೆ. ಅವರ ಬೆನ್ನ ಹಿಂದೆ ಹಾಲು ಉಕ್ಕಿ ಉರಿ ಆರಿದೆ, ಗ್ಯಾಸು ಬುಸುಗುಡುತ್ತಿದೆ. ಅವರ ಮೊಣಕೈ ಪಕ್ಕದಲ್ಲಿ ಬೆಂಕಿಪೆಟ್ಟಿಗೆ.

ಗ್ಯಾಸು ನಿಲ್ಲಿಸಿದೆ, ಕಿಟಕಿಗಳನ್ನೆಲ್ಲ ತೆರೆದೆ, ಅವರ ತೋಳು ಹಿಡಿದು ದರದರ ಹೊರಗೆ ಎಳೆದು ತಂದೆ. ಮೆಟ್ಟಿಲ ಮೇಲೆ ನಿಂತು ಬಾಯಿಗೆ ಬಂದಂತೆ ಕೂಗಾಡಿದೆ. "ಅಷ್ಟು ನಾರ್ತಿದೆ! ಮೂಗಿಲ್ವಾ ನಿಮಗೆ?"

ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಇಟ್ಟುಕೊಂಡರು.

"ಇಲ್ಲಮ್ಮ," ಎಂದರು. "ಆ ಜ್ವರ ಬಂತಲ್ಲ, ಆವತ್ತಿಂದ ಇಲ್ಲ."

ಜ್ವರ ಬಂದದ್ದು ಹೊಸ ವರ್ಷದ ಹೊತ್ತಿಗೆ. ಅಂದರೆ ಅಷ್ಟು ದಿನದಿಂದ ಈ ಮನುಷ್ಯನಿಗೆ ನಾನು ಮಾಡಿ ಹಾಕಿದ್ದೆಲ್ಲ ಮಣ್ಣು ತಿಂದ ಹಾಗೆ. ಸೊರಗಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿತ್ತು. ಮಗ ಹೋದ ಕೊರಗು ಅಂದುಕೊಂಡಿದ್ದೆ.

"ಒಂದು ಮಾತು ಹೇಳೋಕೆ ಏನಾಗಿತ್ತು?"

"ಅವನಿದ್ದಿದ್ರೆ ಅವನಿಗೆ ಹೇಳ್ತಿದ್ದೆ."

ಗಾಳಿಯಾಡುವವರೆಗೆ ಇಬ್ಬರೂ ಮೆಟ್ಟಿಲ ಮೇಲೇ ಕೂತೆವು. ಪಕ್ಕದ ಮನೆಯಾಕೆ ಹತ್ತಿ ಬಂದವಳು ಬೀಗದಕೈ ಕಳೆದುಹೋಯಿತಾ ಎಂದು ಕೇಳಿದಳು. ಹೌದು ಎಂದುಬಿಟ್ಟೆವು, ಇಬ್ಬರೂ ಒಟ್ಟಿಗೆ.

ಫೆಬ್ರವರಿ 27

ಕಿವಿ-ಮೂಗು-ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನವಳು. ಟಾರ್ಚು ಬಿಟ್ಟು ನೋಡಿ, ಮೂಗಿನ ದಾರಿಯೆಲ್ಲ ಚೊಕ್ಕವಾಗಿದೆ, ಜ್ವರಕ್ಕೆ ಒಳಗಿನ ವಾಸನೆಯ ನರಗಳು ಸುಟ್ಟಿವೆ ಎಂದಳು. ಮತ್ತೆ ಚಿಗುರುತ್ತವಂತೆ. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷ ಕಳೆದ ಮೇಲೆ. ಕೆಲವರಿಗೆ ಇಲ್ಲವೇ ಇಲ್ಲ.

"ಔಷಧಿ?" ಎಂದೆ.

"ಔಷಧಿ ಇಲ್ಲ, ಅಭ್ಯಾಸ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ನಾಲ್ಕೂ ಎಣ್ಣೆ ತಂದು ಬೆಳಿಗ್ಗೆ ಸಂಜೆ ಮೂಸ್ಬೇಕು. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನಪು ಮಾಡ್ಕೋಬೇಕು. ಒಬ್ಬರೇ ಮಾಡಿದ್ರೆ ವಾರಕ್ಕೇ ಬಿಟ್ಟುಬಿಡ್ತಾರೆ. ಜೊತೆಗೆ ಯಾರಾದ್ರೂ ಕೂತ್ಕೊಳ್ಳಿ."

ಯಾರಾದ್ರೂ ಅಂದರೆ ಇನ್ಯಾರು?

ಜೂನ್‌ವರೆಗೆ ತಾನೇ. ಮಾಡಿದರಾಯಿತು.

ಮಾರ್ಚ್ 2

ಲ್ಯಾಬಿನಿಂದ ನಾಲ್ಕು ಕಂದು ಸೀಸೆ ತಂದು ಎಣ್ಣೆ ಹಾಕಿ ಚೀಟಿ ಅಂಟಿಸಿದೆ. ಇವರಪ್ಪ ಒಂದೊಂದನ್ನೂ ಮೂಗಿಗೆ ಹಿಡಿದು, ನೀರಿಲ್ಲದ ಬಾವಿಗೆ ಬಗ್ಗಿ ನೋಡುವವರ ಹಾಗೆ ಮುಖ ಮಾಡಿದರು. ಏನೂ ಇಲ್ಲ. ಏನೂ ಇಲ್ಲ. ಏನೂ ಇಲ್ಲ. ನೀಲಗಿರಿಗೆ ಮಾತ್ರ, "ತಣ್ಣಗೆ ಚುಚ್ಚಿದ ಹಾಗಾಯ್ತು. ವಾಸನೆಯಲ್ಲ" ಎಂದರು.

ಮಾರ್ಚ್ 5

ಏನೂ ಇಲ್ಲ.

ಮಾರ್ಚ್ 9

ಬೆಳಿಗ್ಗೆ ಸೀಸೆ ಮುಗಿಸಿ ಚಹಾ ಕುಡಿಯುವಾಗ ಮಾವ ಇದ್ದಕ್ಕಿದ್ದಂತೆ, "ನಿನ್ನ ಹುಳಗಳು ಹೇಗೆ ಮೂಸ್ತವೆ?" ಎಂದರು. ಒಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ.

ಹುಳ ಅಲ್ಲ, ಪತಂಗ, ಎಂದೆ. ಅವಕ್ಕೆ ಮೂಗಿಲ್ಲ, ಕುಡಿಮೀಸೆ ಇದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಒಂದೊಂದು ಕೂದಲೂ ಒಳಗೆ ಟೊಳ್ಳು, ಟೊಳ್ಳಿನ ತುಂಬ ನೀರು. ಗಿಡದ ವಾಸನೆಯಾಗಲಿ ಹೆಣ್ಣಿನ ವಾಸನೆಯಾಗಲಿ ಕೂದಲಿನ ತೂತಿನಿಂದ ಒಳಗೆ ಬರುತ್ತದೆ. ನರ ಇರುವುದು ನೀರಿನ ಆಚೆ. ವಾಸನೆಯದ್ದು ಎಣ್ಣೆಯ ಗುಣ, ನೀರಿನಲ್ಲಿ ಬೆರೆಯುವುದಿಲ್ಲ. ತೋರಿಸಲಿಕ್ಕೆಂದು ಅವರ ಚಹಾದ ಮೇಲೆ ಒಂದು ಹನಿ ಬೆಣ್ಣೆ ಕರಗಿಸಿ ಬಿಟ್ಟೆ. ತೇಲಿತು.

"ನನ್ನ ಚಹಾ ಹಾಳು ಮಾಡಿದೆ."

"ನಿಮಗೆ ಹೇಗೂ ರುಚಿ ಗೊತ್ತಾಗಲ್ಲ."

ಬಾಯಿ ತಪ್ಪಿ ಬಂದ ಮಾತು. ಗಾಬರಿಯಾಗಿ ಮುಖ ನೋಡಿದೆ. ಅವರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ಮತ್ತೆ ಆಚೆ ದಡಕ್ಕೆ ಹೋಗೋದು ಹೇಗೆ?"

"ಆ ನೀರಲ್ಲಿ ಒಂದು ಪ್ರೋಟೀನ್ ಇರುತ್ತೆ. ವಾಸನೇನ ಮಡಿಲಲ್ಲಿ ಇಟ್ಕೊಂಡು ಹೋಗಿ ನರದ ಹತ್ರ ಬಿಡುತ್ತೆ. ಆ ಕಡೆ ನೀರು ಸ್ವಲ್ಪ ಹುಳಿ. ಹುಳಿ ತಾಕಿದ ಕೂಡ್ಲೆ ಹಿಡಿತ ಸಡಿಲ ಆಗುತ್ತೆ."

"ಅಂದ್ರೆ ದೋಣಿಯವನು."

"ಹೂಂ. ದೋಣಿಯವನು."

"ನಮ್ಮ ಮೂಗಲ್ಲೂ ಇದಾನಾ?"

"ಇದಾನೆ. ಅವನದು ಬೇರೆ ಮನೆತನ."

ಮಾವ ಬೆಣ್ಣೆ ತೇಲುವ ಚಹಾವನ್ನು ಹಾಗೇ ಕುಡಿದು ಮುಗಿಸಿದರು. "ದೋಣಿಯವನು ಇಲ್ದೇ ಹೋದ್ರೆ?" ಎಂದರು. ಗೊತ್ತಿಲ್ಲ, ಅದನ್ನೇ ನೋಡುತ್ತಿದ್ದೇವೆ ಎಂದೆ. ಬಸ್ಸಿಗೆ ಹೊತ್ತಾಗಿತ್ತು.

ಮಾರ್ಚ್ 23

ಪತಂಗಗಳಿಗೆ ಕತ್ತಲಾದರೇ ಹಾರಾಟ. ಹಾಗಾಗಿ ಸುರಂಗದ ಕೋಣೆಯಲ್ಲಿ ಹಗಲನ್ನೇ ಇರುಳು ಮಾಡಿ ಕೆಂಪು ದೀಪ ಹಾಕಿಕೊಂಡು ಕೆಲಸ ಮಾಡುತ್ತೇವೆ. ಸುರಂಗವೆಂದರೆ ಮನುಷ್ಯ ಮಲಗಬಹುದಾದಷ್ಟು ಉದ್ದದ ಗಾಜಿನ ಪೆಟ್ಟಿಗೆ. ಒಂದು ತುದಿಯಲ್ಲಿ ಹೆಣ್ಣಿನ ವಾಸನೆ ಸವರಿದ ರಬ್ಬರ್ ತುಂಡು, ಇನ್ನೊಂದು ತುದಿಯಲ್ಲಿ ಗಂಡು, ನಡುವೆ ಮೆಲ್ಲಗೆ ಬೀಸುವ ಗಾಳಿ. ಮಾಮೂಲಿ ಗಂಡುಗಳು ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಹಾರಿ ನೇರ ರಬ್ಬರಿಗೆ ಬಂದು ಕೂತವು. ಪ್ರೋಟೀನಿಲ್ಲದ ನಮ್ಮವು ಕುಡಿಮೀಸೆ ಆಡಿಸುತ್ತಾ ಕೂತಲ್ಲೇ ಕೂತವು. ಒಂದೆರಡು ಮಾತ್ರ ನಾಲ್ಕು ಹೆಜ್ಜೆ ನಡೆದು ನಿಂತವು.

ನಾವು ಮೊದಲೇ ಊಹಿಸಿದ ಫಲಿತಾಂಶ. ನಮ್ಮ ಮುಖ್ಯಸ್ಥೆ ಬೆನ್ನು ತಟ್ಟಿದರು. ಸಂತೋಷ ಪಡಬೇಕಿತ್ತು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು.

ಸಂಜೆ ಮಾವನಿಗೆ ಹೇಳಿದೆ. "ಒಂದೇ ಸಲಕ್ಕೆ ತೀರ್ಮಾನ ಮಾಡ್ಬೇಡ" ಎಂದರು. "ಹಿಟ್ಟು ಉಬ್ಬಲಿಲ್ಲ ಅಂತ ನಾನು ಬೇಕರಿ ಮುಚ್ಚಿದ್ನಾ?"

ಏಪ್ರಿಲ್ 2

ಭಾನುವಾರ. ಸೀಸೆ ಮುಗಿಯಿತು. ಗುಲಾಬಿ ಮೂಸುವಾಗ ಅತ್ತೆ ಮುಡಿಯುತ್ತಿದ್ದ ಹೂವಿನ ಕಥೆ ಹೇಳಿದರು, ಲವಂಗಕ್ಕೆ ಹಲ್ಲುನೋವಿನ ಕಥೆ. ಮೂಗಿಗೆ ಏನೂ ಬರಲಿಲ್ಲ. ಸೀಸೆಗಳ ಮುಚ್ಚಳ ಹಾಕುತ್ತಿದ್ದೆ.

"ಒಂದು ಕೇಳ್ಲಾ? ಬೈಬಾರ್ದು."

"ಕೇಳಿ."

"ಅವನ ಕಪಾಟು."

ಆ ಕಪಾಟನ್ನು ಅಕ್ಟೋಬರಿನಿಂದ ನಾನು ತೆರೆದಿಲ್ಲ. ವಾಸನೆಯೆಂದರೆ ಏನು ಎಂದು ಬಲ್ಲವಳು ನಾನು. ಪ್ರತಿ ಸಲ ಬಾಗಿಲು ತೆರೆದಾಗಲೂ ಒಂದಷ್ಟು ಹಾರಿಹೋಗುತ್ತದೆ. ಹೋದದ್ದು ಹೋಯಿತು, ಮತ್ತೆ ತುಂಬುವವರಿಲ್ಲ. ಇದನ್ನೆಲ್ಲ ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತು ಕಾಯುತ್ತಿದ್ದರು. ಎದ್ದು ಹೋಗಿ ತೆರೆದೆ.

ಇವರು ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಜಾಕೀಟು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಒತ್ತಿಕೊಂಡರು. ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ತಲೆಯೆತ್ತಿದರು.

"ಬಟ್ಟೆ," ಎಂದರು. "ಬರೀ ಬಟ್ಟೆ." ಜಾಕೀಟನ್ನು ನನ್ನತ್ತ ಚಾಚಿದರು. "ನಿನಗೆ ಬರ್ತಿದೆಯಾ?"

ಮೂಗಿಗೆ ತಂದೆ. ನೆಲಕ್ಕೆ ಕೂತೆ. "ಬರ್ತಿದೆ."

ಅವರೂ ಮಂಚದ ಕಾಲು ಹಿಡಿದು ಮೆಲ್ಲಗೆ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. "ಹಾಗಾದ್ರೆ ಹೇಳು. ನಿಧಾನಕ್ಕೆ ಹೇಳು, ಅವಸರ ಇಲ್ಲ."

ಹೇಳಿದೆ. ಕಾಲರಿನ ಹತ್ತಿರ ಹಸಿರು ಸೋಪು. ಒಳಜೇಬಿನಲ್ಲಿ ಪುದೀನದ ಪೆಪ್ಪರಮಿಂಟು, ಒಂದು ಇನ್ನೂ ಹಾಗೇ ಇದೆ. ತೋಳಿನ ಅಂಚಿನಲ್ಲಿ ಲಿಫ್ಟ್ ರಿಪೇರಿಯ ಗ್ರೀಸು, ಕಬ್ಬಿಣ. ಇದೆಲ್ಲದರ ಅಡಿಯಲ್ಲಿ ಇನ್ನೊಂದು. ಅದಕ್ಕೆ ಹೆಸರಿಲ್ಲ. ಬಿಸಿಲಿಗೆ ಒಣಗಿದ ಕಟ್ಟಿಗೆಯ ಹಾಗೆ, ಬೆಚ್ಚಗೆ.

"ನೆತ್ತಿ," ಎಂದರು ಮಾವ. "ಎಳೆಗೂಸಾಗಿದ್ದಾಗ್ಲೂ ಅವನ ನೆತ್ತಿ ಹಂಗೇ ಇತ್ತು. ಬೇಕರಿಯಿಂದ ಬಂದ ಕೂಡ್ಲೆ ಮೂಗಿಟ್ಟು ನೋಡ್ತಿದ್ದೆ. ಮೈಯೆಲ್ಲ ಹಿಟ್ಟು ಮಾಡ್ತೀರಿ ಅಂತ ನಿಮ್ಮತ್ತೆ ಬೈಯೋಳು. ಹೂಂ, ಆಮೇಲೆ?"

ಆಮೇಲೆ ಇನ್ನೂ ಹೇಳಿದೆ. ಅಂಗಿಗಳನ್ನು ಒಂದೊಂದಾಗಿ ತೆಗೆದೆವು. ಯಾವ ಅಂಗಿ ಯಾವಾಗ ಕೊಂಡದ್ದು, ಯಾವುದು ನನಗೆ ಹಿಡಿಸುತ್ತಿರಲಿಲ್ಲ, ಯಾವುದನ್ನು ಹಾಕಿಕೊಂಡು ಇವರು ನನ್ನನ್ನು ಮದುವೆಗೆ ಕೇಳಲು ಬಂದಿದ್ದರು. ಇಬ್ಬರೂ ಅತ್ತೆವು, ಮಧ್ಯೆ ನಗುವೂ ಬಂತು. ಹಸಿವಾಗಿ ಎದ್ದಾಗ ಮಧ್ಯಾಹ್ನ ಕಳೆದಿತ್ತು.

ಕಪಾಟಿನ ಬಾಗಿಲು ಹಾಕಲು ಮರೆತದ್ದು ಈಗ ಬರೆಯುವಾಗ ನೆನಪಾಯಿತು. ಇರಲಿ, ನಾಳೆ ಹಾಕಿದರಾಯಿತು.

ಏಪ್ರಿಲ್ 20

ಬಂತು!

ಇವತ್ತು ಲ್ಯಾಬಿನಲ್ಲಿ ಮರಿಹುಳಗಳಿಗೆ ಮೇವು ಬೇಯಿಸುವ ಸರದಿ ನನ್ನದು. ಗೋಧಿ ಮೊಳಕೆಯ ಪುಡಿ, ಯೀಸ್ಟು, ಇನ್ನೇನೇನೋ ಹಾಕಿ ಮುದ್ದೆ ಕುದಿಸಬೇಕು. ಮನೆಗೆ ಬಂದು ಮಾವನ ಕೈಯಿಂದ ತರಕಾರಿ ಚೀಲ ತೆಗೆದುಕೊಳ್ಳಲು ಬಗ್ಗಿದೆ. ಅವರು ಮುಖ ಸಿಂಡರಿಸಿ ಹಿಂದೆ ಸರಿದರು.

"ಏನೋ ಕೊಳೆತು ನಾರ್ತಿದೆ. ನಿನ್ನ ಮೇಲೇ!"

ತಕ್ಷಣ ತೋಳನ್ನು ಅವರ ಮೂಗಿನಡಿ ಹಿಡಿದೆ. "ಇನ್ನೊಂದ್ಸಲ! ಇನ್ನೊಂದ್ಸಲ ಮೂಸಿ!"

"ಥೂ! ಸತ್ತ ಇಲಿ!"

ಕುಣಿದುಬಿಟ್ಟೆ. ಈ ವಯಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕೈಯಲ್ಲಿ ಕ್ಯಾರೆಟ್ ಹಿಡಿದು. ನನ್ನನ್ನು ಸತ್ತ ಇಲಿ ಎಂದರೆ ಇಷ್ಟು ಸಂತೋಷವಾಗುತ್ತದೆ ಎಂದು ಗೊತ್ತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. ನರ ಚಿಗುರುವಾಗ ಮೊದಮೊದಲು ಎಲ್ಲ ಅಡ್ಡಾದಿಡ್ಡಿ ಜೋಡಣೆಯಾಗುತ್ತದೆ, ಒಳ್ಳೆಯದೂ ಕೆಟ್ಟದಾಗಿ ಕಾಣುತ್ತದೆ, ಒಳ್ಳೇ ಸೂಚನೆ ಎಂದಳು.

ಫೋನಿಟ್ಟು ಮಾವನಿಗೆ, "ಯೀಸ್ಟ್ ಅದು" ಎಂದೆ. ಮಾವ ಮತ್ತೆ ನನ್ನ ತೋಳು ಹಿಡಿದು ಕಣ್ಣುಮುಚ್ಚಿ ಮೂಸಿದರು.

"ಅಯ್ಯೋ ಪಾಪಿ," ಎಂದರು ಯೀಸ್ಟಿಗೆ. "ಅಷ್ಟು ವರ್ಷ ಅನ್ನ ಹಾಕಿದ್ದೀಯ. ಈಗ ಹಿಂಗಾ ಬರೋದು?"

ಮೇ 9

ಸೆಕೆ. ಮಂಚದ ಪಕ್ಕದ ಕಿಟಕಿ ತೆರೆದುಕೊಂಡು ಮಲಗಿದ್ದೆ, ಒಳ್ಳೇ ನಿದ್ದೆ ಬಂತು.

ಮಾವ ಬ್ರೆಡ್ಡು ಮಾಡುತ್ತಿದ್ದಾರೆ. ಮೂಗು ಇನ್ನೂ ಪೂರ್ತಿ ನೆಚ್ಚುವ ಹಾಗಿಲ್ಲ. ಕಾಫಿ ಟಯರು ಸುಟ್ಟ ಹಾಗೆ, ಈರುಳ್ಳಿ ಅಂದರೆ ಓಡುತ್ತಾರೆ. ಆದರೆ ನಿಂಬೆ ನಿಂಬೆಯಾಗಿಯೇ ಬಂದಿದೆ. ಬ್ರೆಡ್ಡು ಬೆಂದಿತೋ ಇಲ್ಲವೋ ಎಂದು ನನ್ನನ್ನು ಒಲೆ ಮುಂದೆ ನಿಲ್ಲಿಸಿ, "ಈಗ ಏನು ವಾಸನೆ? ಹಸಿ ಹಿಟ್ಟಿಂದಾ? ಜೇನಿನ ಥರನಾ?" ಎಂದು ಕೇಳುತ್ತಾರೆ. ಜೇನು ಎಂದರೆ ಇನ್ನೂ ಸ್ವಲ್ಪ ತಾಳಬೇಕಂತೆ. ನಾನು ತಪ್ಪು ಹೇಳಿ ಎರಡು ಸಲ ಸುಟ್ಟಿತು. "ವಾಸನೆ ವಿಜ್ಞಾನಿಯಂತೆ!" ಎಂದು ಪಕ್ಕದ ಮನೆಯಾಕೆಯ ಮುಂದೆ ಮಾನ ತೆಗೆದರು. ಸುಟ್ಟದ್ದನ್ನೇ ಬೆಣ್ಣೆ ಹಚ್ಚಿಕೊಂಡು ಇಬ್ಬರೂ ಪೂರಾ ತಿಂದೆವು.

ಮೇ 26

ಲ್ಯಾಬಿನಲ್ಲಿ ವಿಚಿತ್ರವಾದದ್ದೊಂದು ನಡೆಯಿತು. ಹೆಣ್ಣಿನ ವಾಸನೆಯ ಜೊತೆಗೆ ಅವು ಮೊಟ್ಟೆಯಿಡುವ ಗಿಡದ ಎಲೆಯ ವಾಸನೆಯನ್ನೂ ಸುರಂಗಕ್ಕೆ ಬಿಟ್ಟೆವು. ಎಲೆಯ ವಾಸನೆ ಹೊರಲು ಬೇರೆ ಪ್ರೋಟೀನುಗಳಿವೆ, ಅವುಗಳನ್ನು ನಾವು ಮುಟ್ಟಿಲ್ಲ. ನಮ್ಮ ಗಂಡುಗಳು ಎಂದಿನಂತೆ ಕೂತೇ ಇದ್ದವು. ಮುಗಿಯಿತೆಂದು ಸುರಂಗಣ್ಣ ದೊಡ್ಡ ದೀಪ ಹಾಕಲು ಹೊರಟ. ಒಂದು ನಿಮಿಷ ತಾಳು ಎಂದೆ. ಒಂದು ಗಂಡು ರೆಕ್ಕೆ ನಡುಗಿಸಿತು. ಎದ್ದಿತು. ಅತ್ತ ಹೊರಳಿ, ಇತ್ತ ಹೊರಳಿ, ದಾರಿ ತಪ್ಪಿ, ಗಾಜಿಗೆ ಬಡಿದು, ಮತ್ತೆ ಎದ್ದು, ಕೊನೆಗೂ ರಬ್ಬರಿನ ಮೇಲೆ ಹೋಗಿ ಕೂತಿತು. ಆಮೇಲೆ ಇನ್ನೊಂದು. ಎಲ್ಲವೂ ಅಲ್ಲ. ಬಂದವೂ ತುಂಬ ತಡವಾಗಿ ಬಂದವು.

"ಅದು ಹೇಗೆ ಹೋಯ್ತು? ಹೋಗೋ ಹಾಗೇ ಇಲ್ವಲ್ಲ!" ಎಂದ ಸುರಂಗಣ್ಣ. ಬೇರೆ ಪ್ರೋಟೀನೊಂದು ಅದರ ಕೆಲಸಕ್ಕೂ ಅರೆಬರೆ ಹೆಗಲು ಕೊಡುತ್ತಿದೆಯೋ ಏನೋ. ಇನ್ನೂ ನೋಡಬೇಕು, ತುಂಬ ಕೆಲಸವಿದೆ. ಮನೆಗೆ ಓಡಿಬಂದು ಚಪ್ಪಲಿ ಬಿಡುವ ಮೊದಲೇ ಮಾವನಿಗೆ ಹೇಳಿದೆ.

ಜೂನ್ 7

ನಾದಿನಿ ಬಂದಿದ್ದಾಳೆ. ಮೇಲಿನ ಕೋಣೆ ಮುಗಿದಿದೆ, ಹಳದಿ ಬಣ್ಣ ಬಳಿಸಿದ್ದಾಳೆ, ಕಿಟಕಿಯಿಂದ ಪಾರ್ಕು ಕಾಣುತ್ತದಂತೆ. ಒಳ್ಳೇ ಹುಡುಗಿ. ನಾಳೆ ಹೊರಡುವುದು.

ಸೀಸೆಗಳನ್ನು ಒಡೆಯದ ಹಾಗೆ ಕಾಲುಚೀಲದಲ್ಲಿ ಸುತ್ತಿಟ್ಟೆ. ತಲೆ ನೋಯುತ್ತಿದೆ.

ಜೂನ್ 8

ಬೆಳಿಗ್ಗೆ ಮಾವನ ಕೋಣೆಯಲ್ಲಿ ಅವರ ಬಟ್ಟೆ ಮಡಿಸುತ್ತಾ ನಾದಿನಿಗೆ ಹೇಳಿದೆ, ಬೆಳಿಗ್ಗೆ ಸಂಜೆ ತಪ್ಪದೆ ಮೂಸಿಸಬೇಕು ಎಂದು. ಈ ಹಂತದಲ್ಲಿ ಜಾಗ ಬದಲಾದರೆ ಮೂಗಿಗೆ ಗೊಂದಲ ಆಗಬಹುದು ಎಂದೂ ಹೇಳಿದೆ. ಹಾಗೆಂದು ಯಾವ ಡಾಕ್ಟರೂ ಹೇಳಿಲ್ಲ. ಅಲ್ಲಿ ಹೊಸ ಡಾಕ್ಟರು ಹುಡುಕಬೇಕು, ಕಾಗದಪತ್ರ ಎಲ್ಲ ಇಲ್ಲಿದೆ, ಅಲ್ಲಿನ ಒಲೆಗೆ ಗ್ಯಾಸು ಸೋರಿದರೆ ಕೂಗುವ ಗಂಟೆ ಇದೆಯಾ, ಇಲ್ಲಿ ನಾನು ಹಾಕಿಸಿದ್ದೇನೆ. ಒಂದಾದ ಮೇಲೊಂದು ಹೇಳುತ್ತಲೇ ಇದ್ದೆ.

ನಾದಿನಿ ಕೈಲಿದ್ದ ಅಂಗಿ ಕೆಳಗಿಟ್ಟಳು. "ಅತ್ತಿಗೆ, ಕರ್ಕೊಂಡು ಹೋಗು ಅಂತ ನೀವೇ ತಾನೇ ಹೇಳಿದ್ದು?"

ಪೆಟ್ಟಿಗೆಗೆ ಇಟ್ಟಿದ್ದ ಅಂಗಿಯನ್ನು ತೆಗೆದು ಮತ್ತೆ ಮಡಿಸಿದೆ. ಬಾಗಿಲಲ್ಲಿ ಮಾವ ಶೂ ಹಾಕಿಕೊಂಡು ಸಿದ್ಧರಾಗಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಇಷ್ಟೊತ್ತು ಹೇಳಿದ್ದು ಡಾಕ್ಟ್ರ ಮಾತು, ಒಲೆ ಮಾತು," ಎಂದರು. "ನಿನ್ನ ಮಾತು ಏನು?"

ಇಂಥ ಮಾತು ನನಗೆ ಬರುವುದಿಲ್ಲ, ಎಂದೂ ಬಂದಿಲ್ಲ.

"ಹೋಗ್ಬೇಡಿ ಮಾವ," ಎಂದೆ.

ಅವರು ಒಳಗೆ ಬಂದು ಮಂಚದ ಮೇಲೆ ಕೂತರು. ಒಂದು ಶೂ ಬಿಚ್ಚಿದರು. ಇನ್ನೊಂದರ ದಾರ ಗಂಟು ಬಿದ್ದಿತ್ತು, ನಾದಿನಿ ಬಗ್ಗಿ ಬಿಡಿಸಿಕೊಟ್ಟಳು. ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಮತ್ತೆ ಆ ಹಳದಿ ಕೋಣೆ ಏನ್ ಮಾಡ್ಲಿ ಅಪ್ಪ?"

"ಮಕ್ಕಳು ಮಲಗ್ಲಿ. ನಾವಿಬ್ರೂ ಬಂದಾಗ ಬಿಟ್ಟುಕೊಡೋಕೆ ಹೇಳು."

ಜೂನ್ 28

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾದಿನಿಯ ಮನೆಗೆ ನಾಲ್ಕು ದಿನದ ಮಟ್ಟಿಗೆ. ಮೇಲೆ ಸಾಮಾನಿಡುವಲ್ಲಿ ಮಾವ ಮಾಡಿದ ಎರಡು ಬ್ರೆಡ್ಡು ಇವೆ. ಬಸ್ಸೆಲ್ಲ ಅದರದ್ದೇ ಘಮ. ಮುಂದಿನ ಸೀಟಿನ ಮಗು ತಿರುಗಿ ತಿರುಗಿ ಮೇಲೆ ನೋಡುತ್ತಿದೆ. ಒಂದು ತುಂಡು ಕೊಡೋಣ ಎಂದರೆ ಮಾವ, ಮೊದಲು ಮೊಮ್ಮಕ್ಕಳಿಗೆ ಎಂದರು. ಆಮೇಲೆ ತಾವೇ ಎದ್ದು ಮುರಿದು ಕೊಟ್ಟರು.

ಅಕ್ಷರ ಇಷ್ಟು ಸೊಟ್ಟಗಿರುವುದು ಬಸ್ಸಿನ ಕುಲುಕಿಗಲ್ಲ. ಮಾವ ನನ್ನ ಬಲಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ. ಕೈ ಜೋಮು ಹಿಡಿದಿದೆ, ಪೆನ್ನು ನೆಟ್ಟಗೆ ನಿಲ್ಲುತ್ತಿಲ್ಲ. ಬೋಳುತಲೆಯಿಂದ ಹಿಟ್ಟಿನ ವಾಸನೆ, ಸೋಪು, ಬಿಸಿಲು.

ಊರು ಹತ್ತಿರವಾಯಿತು ಅನ್ನಿಸುತ್ತದೆ, ಜನ ಎದ್ದು ಚೀಲ ಇಳಿಸುತ್ತಿದ್ದಾರೆ. ಈ ಡ್ರೈವರು ಇನ್ನೊಂದು ಸ್ವಲ್ಪ ನಿಧಾನ ಹೋಗಬಾರದೇ.